ಅವ್ವನ ಗಲ್ಲದ ಹಚ್ಚೆ

"ಇದು ನಮ್ಮವ್ವ ಅಲ್ಲ ಕಣ್ರೀ!"

ತಿಪಟೂರಿನ ಹನುಮಂತರಾಜು ಅವರ ಸ್ಟುಡಿಯೋದಲ್ಲಿ ಭವ್ಯಶ್ರೀ ಕಟ್ಟು ಹಾಕಿಸಿದ್ದ ಫೋಟೋವನ್ನು ಮೇಜಿನ ಮೇಲೆ ಕುಕ್ಕಿದಳು. ಮಾರನೆಯ ದಿನ ಹೊನ್ನವಳ್ಳಿಯಲ್ಲಿ ಅವಳ ಅವ್ವ ಸಿದ್ದಮ್ಮನ ಹನ್ನೊಂದನೇ ದಿನದ ಕಾರ್ಯವಿತ್ತು.

ಫೋಟೋದಲ್ಲಿದ್ದವಳು ಹಾಲಿನಂತೆ ಬೆಳ್ಳಗಿದ್ದಳು. ಅವ್ವನೋ, ತೋಟದ ಬಿಸಿಲಲ್ಲಿ ಕಾಯಿ ಆಯ್ದೂ ಆಯ್ದೂ ಕಪ್ಪಾದವಳು. ಗಲ್ಲದ ಮೇಲೆ ಮೂರು ಚುಕ್ಕಿ ಹಸಿರು ಹಚ್ಚೆಯಿತ್ತು. ಅದೂ ಮಾಯ!

"ಹಚ್ಚೆ ಎಲ್ರೀ?"

ಕಂಪ್ಯೂಟರ್ ಮುಂದಿದ್ದ ಸಿದ್ದಾರ್ಥ್ ತಡವರಿಸಿದ. "ಅದು... ಆಕ್ಷನ್ ಹಾಕ್ದೆ ಮೇಡಂ. ಒಂದ್ಸಲ ಮಾಡಿದ ಕೆಲಸಾನ ರೆಕಾರ್ಡ್ ಮಾಡಿಟ್ಟಿರ್ತೀವಿ. ಬಟನ್ ಒತ್ತಿದ್ರೆ ಮುಖ ಬೆಳ್ಳಗಾಗುತ್ತೆ, ಕಲೆಗಿಲೆ ಹೋಗುತ್ತೆ, ಸೇವ್ ಆಗುತ್ತೆ..."

"ನಮ್ಮವ್ವನ ಹಚ್ಚೆ ನಿಮಗೆ ಕಲೆನಾ? ಮೊದಲಿದ್ದ ಫೋಟೋ ಕೊಡಿ, ಬೇರೆ ಕಡೆ ಮಾಡಿಸ್ಕೋತೀನಿ."

ಅವನ ಮುಖ ಕಳೆಗುಂದಿತು. ಅವ್ವನ ಮೊಬೈಲಿನ ಮೆಮೊರಿ ಕಾರ್ಡಿನಿಂದಲೇ ಫೋಟೋ ತೆರೆದಿದ್ದ. ಕಾಪಿ ಮಾಡಿಟ್ಟುಕೊಂಡಿರಲಿಲ್ಲ.

"ಅದರ ಮೇಲೇ ಸೇವ್ ಆಗೋಯ್ತು..."

ಅವ್ವ ನಕ್ಕ ಫೋಟೋ ಇದ್ದದ್ದೇ ಅದೊಂದು! ಆಧಾರ್ ಕಾರ್ಡಿನಲ್ಲಿ ಮುಖವೇ ಕಾಣದು.

ಕಾರ್ಡಿನಲ್ಲಿ ಎಷ್ಟು ಹುಡುಕಿದರೂ ಹಳೆಯದು ಸಿಗಲಿಲ್ಲ. ಸಂಜೆ ಅವನೇ ಲ್ಯಾಪ್‌ಟಾಪ್ ಹಿಡಿದು ಹೊನ್ನವಳ್ಳಿಗೆ ಬಂದ. "ನೀವು ಹೇಳ್ತಾ ಹೋಗಿ, ನಾನು ಮಾಡ್ತೀನಿ" ಎಂದು ಜಗಲಿಯ ಮೇಲೆ ಕುಳಿತ.

"ಇನ್ನೂ ಕಪ್ಪು... ಚುಕ್ಕಿ ಒಸಿ ಎಡಕ್ಕೆ..." ಹೇಳುತ್ತ ಹೇಳುತ್ತ ಅವಳು ಅತ್ತುಬಿಟ್ಟಳು. ಅವನೂ ಕಣ್ಣೊರೆಸಿಕೊಂಡ.

"ನಮ್ ಸಿದ್ದಿನೇ ಕಣೇ!" ಎಂದು ಸೋದರತ್ತೆ ಗಂಗಕ್ಕ ಗೋಳೋ ಎಂದು ಅತ್ತರು. ಆದರೆ ಮಗಳಿಗೆ ಗೊತ್ತಿತ್ತು... ಫೋಟೋ ಅವ್ವನ ಹತ್ತಿರ ಬಂದಿತ್ತು, ಅಷ್ಟೇ. ಅವ್ವ ಬಂದಿರಲಿಲ್ಲ.

ಆಮೇಲೆ? ಕೆಲಸ ಕಲಿಯುವ ನೆಪದಲ್ಲಿ ಹುಡುಗಿ ಅದೇ ಸ್ಟುಡಿಯೋಗೆ ಸೇರಿದಳು. ಎರಡು ತಿಂಗಳಲ್ಲಿ ಮೇಡಂ ಹೋಗಿ ಭವ್ಯಾ ಆಯಿತು. ಅವಳ ನೋವು ಬಲ್ಲವನು ಅವನೊಬ್ಬನೇ. ಅವನ ಪಕ್ಕ ಕುಳಿತಾಗ ಅವಳ ಎದೆಯ ಭಾರ ಇಳಿಯುತ್ತಿತ್ತು.

ಒಂದು ದಿನ ಅವನ ಆಕ್ಷನ್‌ಗಳ ಪಟ್ಟಿಯಲ್ಲಿ ಹೊಸ ಹೆಸರು ಕಂಡಿತು. 'ಸಿದ್ದಮ್ಮ'!

"ನಮ್ಮವ್ವನ್ನ ಬಟನ್ ಮಾಡ್ದೇನೋ? ಊರೋರ ಮುಖಕ್ಕೆಲ್ಲ ಅವಳ ಹಚ್ಚೆ ಒತ್ತೀಯಾ?"

"ಭವ್ಯಾ, ಅದು..."

"ಮಾತಾಡ್ಬೇಡ ನನ್ನತ್ರ!"

ಅವನು ನಿಜಕ್ಕೂ ಮಾತಾಡಲಿಲ್ಲ. ಮರುವಾರ ತುರುವೇಕೆರೆಯ ಸ್ಟುಡಿಯೋ ಒಂದಕ್ಕೆ ಹೊರಟುಹೋದ. ಅವಳ ಕೋಪ ನಾಲ್ಕು ದಿನ ಇತ್ತು. ಆಮೇಲೆ ಉಳಿದದ್ದು ಪಕ್ಕದ ಖಾಲಿ ಕುರ್ಚಿ. ಅವ್ವನೂ ಇಲ್ಲ, ಅವನೂ ಇಲ್ಲ... ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಿದ್ದಳು.

ತಿಂಗಳ ಮೇಲೆ ಹೊಸ ಕಂಪ್ಯೂಟರ್ ಬಂತು. "ಹಳೇದ್ರಲ್ಲಿರೋ ಆಕ್ಷನ್ನೆಲ್ಲ ಇದಕ್ಕೆ ಹಾಕ್ಬುಡವ್ವ" ಎಂದರು ಹನುಮಂತರಾಜು.

'ಸಿದ್ದಮ್ಮ' ಒಂದನ್ನು ಅಳಿಸಿ, ಉಳಿದವನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕೆಂದುಕೊಂಡಳು. ಅಳಿಸುವ ಮುಂಚೆ, ಅವ್ವನನ್ನು ಏನು ಮಾಡಿಟ್ಟಿದ್ದಾನೋ ನೋಡೋಣವೆನಿಸಿತು. ಬೋರಮ್ಮ ಎಂಬ ಅಜ್ಜಿಯ ಫೋಟೋ ತೆರೆದು ಬಟನ್ ಒತ್ತಿದಳು.

ಫೋಟೋ ತನ್ನದೇ ಇನ್ನೊಂದು ಕಾಪಿ ಮಾಡಿಕೊಂಡಿತು. ಮೊದಲಿನದು ಮುಚ್ಚಿಕೊಂಡಿತು, ಒಂದಿಷ್ಟೂ ಕೆಡದೆ. ಅಷ್ಟಕ್ಕೇ ಕೆಲಸ ನಿಂತು, ಪರದೆಯ ನಡುವೆ ಒಂದು ಚೌಕ ಮೂಡಿತು.

'ತಡಿ. ಇವರು ಯಾರಿಗೋ ಅವ್ವ. ಬಣ್ಣ, ಮಚ್ಚೆ, ಹಚ್ಚೆ ಮುಟ್ಟುವ ಮೊದಲು ಮನೆಯವರನ್ನು ಕೇಳು.'

ಅಷ್ಟೇ. ಹಚ್ಚೆ ಒತ್ತುವ ಹೆಜ್ಜೆ ಅದರಲ್ಲಿ ಇರಲೇ ಇಲ್ಲ.

'ಅಯ್ಯೋ... ನಾನೆಂಥ ಮಾತು ಅಂದುಬಿಟ್ಟೆ!' ಭವ್ಯಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಅವ್ವನ ಹೆಸರಿನ ಆಕ್ಷನ್ನಿನ ಒಂದು ಹೆಜ್ಜೆಯನ್ನೂ ಅಳಿಸದೆ ಪೆನ್‌ಡ್ರೈವಿಗೆ ಹಾಕಿಕೊಂಡು, ಮಧ್ಯಾಹ್ನದ ಬಸ್ಸಿಗೆ ತುರುವೇಕೆರೆಗೆ ಹೊರಟಳು.

ಅವಳನ್ನು ಕಂಡು ಸಿದ್ದಾರ್ಥ್ ಎದ್ದು ನಿಂತ. ಸೊರಗಿಹೋಗಿದ್ದ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನಿಮ್ಮವ್ವನ ನಗು ಅಳಿಸಿದೋನು ನಾನು. ಯಾವ ಬಾಯಲ್ಲಿ ಹೇಳ್ಲಿ ಭವ್ಯಾ?"

ಅವಳು ಪೆನ್‌ಡ್ರೈವನ್ನು ಅವನ ಅಂಗೈಯಲ್ಲಿಟ್ಟಳು. "ಇಲ್ಲಿನ ಕಂಪ್ಯೂಟರಿಗೂ ಹಾಕು. ಇಲ್ಲಿ ಬರೋರಿಗೂ ಅವ್ವ ಇರ್ತಾರೆ."

ಅವನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಒಂದ್ಮಾತು ಕೇಳ್ಲಾ?"

"ಕೇಳು."

"ನೀನಿಲ್ದೆ ನಂಗೆ ಆಗ್ತಾ ಇಲ್ಲ ಕಣೇ. ನನ್ನ ಮದ್ವೆ ಆಗ್ತೀಯಾ?"

ಬೇಡವೆಂದರೂ ಅವಳ ಕಣ್ಣು ತುಂಬಿ ಬಂತು. ಇಂಥ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕಿತ್ತೋ, ಆ ಜೀವವೇ ಇಲ್ಲವಲ್ಲ!

"ನಂಗೂ ನೀನೇ ಬೇಕು. ಆದ್ರೆ... ಮೊದ್ಲು ಮನೆಯೋರ್ನ ಕೇಳ್ಬೇಕು ಅಂತ ನೀನೇ ಬರ್ದಿದ್ದೀಯಲ್ಲೋ..."

"ಹೂಂ, ನಡಿ. ಅವ್ವನ್ನೇ ಕೇಳೋಣ."

ಹೊತ್ತು ಮುಳುಗುವಾಗ ಇಬ್ಬರೂ ಹೊನ್ನವಳ್ಳಿಯ ಮನೆಯಲ್ಲಿ ಆ ಫೋಟೋದ ಮುಂದೆ ನಿಂತಿದ್ದರು. ಅವನು ಕೈಮುಗಿದು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಏನಂದ್ಲೋ ಅವ್ವ?" ಎಂದಳು ಮೆಲ್ಲಗೆ.

"ನಂಗೆ ಏನೂ ಕೇಳಿಸ್ಲಿಲ್ಲ ಭವ್ಯಾ... ನಿಂಗೆ?"

ಅವಳು ಗಾಜಿನ ಮೇಲೆ, ಆ ಮೂರು ಚುಕ್ಕಿಗಳ ಮೇಲೆ ಬೆರಳಿಟ್ಟಳು. ಇನ್ನೊಂದು ಕೈಯಲ್ಲಿ ಅವನ ಕೈ ಹಿಡಿದಳು.

"ಊಟ ಮಾಡ್ಕೊಂಡು ಹೋಗು ಅಂದ್ಲು."