ಕಾಣೆಯಾದ ಠಾಣೆಗಳು

ಆರು ಠಾಣೆಗಳಿದ್ದ ಗಡ್ಡೆಯಲ್ಲಿ ಈಗ ಒಂದೂ ಇಲ್ಲ!

ರಾಣೆಬೆನ್ನೂರಿನ ತಮ್ಮ ಲ್ಯಾಬಿನಲ್ಲಿ ಡಾಕ್ಟರ್ ಶೀಲಾ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಅದು ಬ್ಯಾಡಗಿಯ ಹಾಜಿರಾಬಿಯ ತೊಡೆಯ ಕ್ಯಾನ್ಸರ್ ಗಡ್ಡೆಯ ತುಣುಕು. ತಿಂಗಳ ಹಿಂದೆ ತೆಗೆದ ತುಣುಕಿನಲ್ಲಿ ರೋಗನಿರೋಧಕ ಕಣಗಳು ಗಡ್ಡೆಯೊಳಗೇ ಗುಂಪುಗುಂಪಾಗಿ ಬೀಡುಬಿಟ್ಟಿದ್ದವು—ಕಳ್ಳರ ಊರೊಳಗೇ ಪೊಲೀಸರು ಠಾಣೆ ತೆರೆದ ಹಾಗೆ. ಅಂಥ ಠಾಣೆಗಳಿದ್ದರೆ, ಆ ಕಣಗಳನ್ನು ಹುರಿದುಂಬಿಸುವ ಹೊಸ ಔಷಧ ಫಲಿಸುವ ಸಂಭವ ಹೆಚ್ಚು. ಔಷಧ ಶುರು ಮಾಡುವ ಮುನ್ನ ಹುಬ್ಬಳ್ಳಿಯ ವೈದ್ಯರು ಹೊಸ ತುಣುಕು ಕೇಳಿದ್ದರು. ಹೀಗೇ ವರದಿ ಹೋದರೆ ಹಾಜಿರಾಬಿಗೆ ಆ ಔಷಧ ಕೈತಪ್ಪುತ್ತದೆ.

"ಮೈಲೇಶ, ಸ್ಲೈಡಿನ ಗಾಜು ಅದಲುಬದಲು ಆಗೇತೇನು?"

ಹಳೆಯ ತಂತ್ರಜ್ಞ ಮೈಲೇಶನ ಮುಖ ಗಂಟಾಯಿತು. "ನಂಬರ್ ನೋಡ್ರಿ ಮೇಡಂ. ಗಡ್ಡಿ ಕಣಾನೂ ಅವ ಅದಾವ."

ಹಾಗಾದರೆ ಸೂಜಿ ತಪ್ಪು ಜಾಗಕ್ಕೆ ಹೋಯಿತೆ? ನಾಲ್ಕು ಕಡೆಯಿಂದ ತೆಗೆದಿದ್ದರು. ನಾಲ್ಕೂ ಖಾಲಿ. ಪ್ರಶ್ನೆಯೊಂದು ತಲೆ ಹೊಕ್ಕರೆ ಶೀಲಾಗೆ ಊಟ ಸೇರದು. ಡಬ್ಬಿ ಮುಚ್ಚಿಟ್ಟು ಬ್ಯಾಡಗಿ ಬಸ್ಸು ಹತ್ತಿದರು.

ಹಾಜಿರಾಬಿ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಘಾಟಿಗೆ ಶೀಲಾ ಸಾಲಾಗಿ ಸೀನಿದರು. ನೀರು ತಂದ ಗಂಡ ಸಲಾವುದ್ದೀನನೂ ಕೆಮ್ಮಿದ. ಹಾಜಿರಾಬಿ ಮಾತ್ರ ಆರಾಮಾಗಿದ್ದಳು.

"ಮೊದಲ ಸಲ ಸೂಜಿ ಹಾಕುಮುಂದ ಕೆಮ್ಮಿ ಕೆಮ್ಮಿ ಮಲಗಾಕೂ ಆಗಿದ್ದಿಲ್ಲಲ್ಲ ನಿಮಗ?" ಶೀಲಾ ಕೇಳಿದರು.

"ದಮ್ಮು ಇತ್ರಿ ಬಾಯಾರ. ಈಗ ಹೋಗೇತಿ."

"ಹಸಿವು?"

"ರಗಡ ಐತ್ರಿ. ಮಾರೀನೂ ತುಂಬೇತಿ ನೋಡ್ರಿ," ಎಂದು ಕೆನ್ನೆ ಮುಟ್ಟಿ ತೋರಿಸಿದಳು.

"ದಮ್ಮಿಗೆ ಏನ್ ತಗೊಂಡ್ರಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸಲಾವುದ್ದೀನ ಒಳಗಿನಿಂದ ಹೆಸರಿಲ್ಲದ ಪುಡಿ ಪೊಟ್ಟಣ ತಂದ. "ಗುತ್ತಲ ಸಂತ್ಯಾಗ ತಂದೇನ್ರಿ. ಮೂರು ವಾರ ಆತು."

ಶೀಲಾ ಪೊಟ್ಟಣ ಬಿಚ್ಚಿದರು. "ತೊಡಿ ಗಡ್ಡಿಗೂ ಕೆಮ್ಮಿಗೂ ಏನ್ ಸಂಬಂಧ ಅಂತ ನಾವು ಯಾರೂ ಕೆಮ್ಮಿನ ಸುದ್ದಿ ಕೇಳಲಿಲ್ಲ. ದಮ್ಮು ಒಮ್ಮೆಲೇ ಹೋಗಿ, ಹಸಿವು ಹೆಚ್ಚಾಗಿ, ಮಾರಿ ಊದೇತಿ ಅಂದ್ರ, ಇದರಾಗ ಸ್ಟೆರಾಯ್ಡ್ ಬೆರಸ್ಯಾರ. ಪರೀಕ್ಷಾ ಮಾಡಸ್ತೇನಿ, ಆದ್ರ ನನಗ ಅನುಮಾನ ಉಳಿದಿಲ್ಲ. ಅದು ದಮ್ಮು ಇಳಸ್ತೇತಿ, ಖರೇ. ರೋಗದ ಜೋಡಿ ಹೊಡದಾಡೋ ಕಣಾನೂ ಚದುರಸ್ತೇತಿ. ಆ ಕಣ ಗಡ್ಡಿಯೊಳಗ ಪೊಲೀಸರಂಗ ಠಾಣೆ ಹಾಕಿದ್ವು; ಆ ಠಾಣೆ ಕೆಡವಿದ್ದು ಈ ಪುಡಿ."

"ಪುಡಿ ತಂದಾಂವ ನಾನ್ರಿ," ಎಂದ ಸಲಾವುದ್ದೀನ. "ಇಕಿ ಉಸಿರಿಗೆ ಒದ್ದಾಡೂದು ನೋಡಾಕ ಆಗಲಿಲ್ಲ."

ಶೀಲಾಗೆ ಅಯ್ಯೋ ಎನಿಸಿತು. ಅಲ್ಲಿಂದಲೇ ಹುಬ್ಬಳ್ಳಿಗೆ ಫೋನ್ ಮಾಡಿದರು: ಔಷಧ ಕೈಬಿಡಬೇಡಿ, ಒಮ್ಮೆಲೇ ನಿಲ್ಲಿಸಿದರೆ ಅಪಾಯ, ಸ್ಟೆರಾಯ್ಡನ್ನು ನಿಮ್ಮ ಕಣ್ಣೆದುರೇ ಹಂತಹಂತವಾಗಿ ಇಳಿಸಿ, ಆಮೇಲೆ ಇನ್ನೊಂದು ತುಣುಕು ನೋಡೋಣ.

"ಠಾಣೆ ತಿರುಗಿ ಏಳತಾವೇನ್ರಿ?" ಸಲಾವುದ್ದೀನ ಕೇಳಿದ.

"ಏಳಬಹುದು. ಖಾತ್ರಿ ಕೊಡಾಕ ಆಗಂಗಿಲ್ಲ. ದಮ್ಮಂತೂ ತಿರುಗಿ ಬರತೇತಿ."

ಹಾಜಿರಾಬಿ ಬಿಚ್ಚಿಟ್ಟಿದ್ದ ಪೊಟ್ಟಣ ಮಡಚಿ, ಪರೀಕ್ಷೆಗೆಂದು ಶೀಲಾರ ಕೈಗಿಟ್ಟು ಗಂಡನತ್ತ ತಿರುಗಿದಳು.

"ಬರಲಿ ಬಿಡ್ರಿ. ನಾ ಕೆಮ್ಮತೇನಿ, ನೀವು ರಾತ್ರಿ ನನ್ನ ಜೋಡಿ ಎದ್ದು ಕುಂದರ್ರಿ. ಅಷ್ಟ."