ಮಾಳಿಗೆಯ ಮೇಲಿನ ಕೆಂಪು

“ನಿಮ್ಮ ಚಿತ್ರದಾಗ ಒಂದ ಡಾಗ ಇತ್ತರಿ. ನಾ ತಗದೀನಿ, ನೋಡ್ರಿ.”

ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಎದುರಿನ ಪೇಂಟಿಂಗ್ ಅಂಗಡಿಯಲ್ಲಿ ಭುವನೇಶ್ವರಿ ತಾನು ಕಸೂತಿ ಹಾಕಿದ ಮ್ಯಾಟಿ ಬಟ್ಟೆ ಬಿಡಿಸಿ ಹೆಮ್ಮೆಯಿಂದ ತೋರಿಸಿದಳು.

ಅಂಗಡಿಯ ಕಳಕೇಶ ಯಾರ ಬಳಿಯೂ ಚಿತ್ರ ಕಲಿತವನಲ್ಲ. ಅಂಗಡಿಗಳ ಬೋರ್ಡು ಬರೆದು ಉಳಿದ ಬಣ್ಣದಲ್ಲಿ, ಕೋಟೆಯ ಗುಡ್ಡದಿಂದ ಕಾಣುವ ಊರನ್ನು ಬಿಡಿಸುತ್ತಿದ್ದ. ಆ ಚಿತ್ರಗಳನ್ನು ಗ್ರಾಫ್ ಹಾಳೆಗಿಳಿಸಿ, ಚೌಕ ಎಣಿಸಿ, ಕ್ರಾಸ್ ಸ್ಟಿಚ್ ಡಿಸೈನ್ ಮಾಡುವುದು ಅವಳ ಕೆಲಸ. ನೇಕಾರರ ಮಗಳು ಬೇರೆ. ಸೀರೆಯಲ್ಲಿ ಸಣ್ಣ ಡಾಗ, ಅಂದರೆ ಕಲೆ, ಕಂಡರೂ ವ್ಯಾಪಾರಿ ವಾಪಸ್ ಕಳಿಸುತ್ತಾನೆ, ಹಾಗಾಗಿ ಡಾಗ ಹುಡುಕುವುದು ಅವಳ ಕಣ್ಣಿಗೆ ಚಿಕ್ಕಂದಿನ ಚಟ.

“ಯಾ ಡಾಗ?” ಕಳಕೇಶನ ದನಿ ಇಳಿದಿತ್ತು.

“ಇಲ್ಲಿ, ಮಾಳಗಿ ಮ್ಯಾಲ ಕೆಂಪಂದು. ಬ್ರಷ್ ಸೋರಿರಬೇಕ ಅಂತ ಬಿಳೇ ದಾರ ಹಾಕೀನಿ.”

ಬುತ್ತಿ ತಂದಿದ್ದ ಅವನ ತಾಯಿ ಗೌರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಎಲ್ಲಾ ಚಿತ್ರದಾಗೂ ಅದ ಮಾಳಗಿ ಮ್ಯಾಲ ಸೋರತೈತಿ ನೋಡವಾ ಇವನ ಬ್ರಷ್!”

“ಅವ್ವಾ, ಸುಮ್ನಿರು!” ಕಳಕೇಶನ ಕಿವಿ ಕೆಂಪಾದವು. ಭುವನೇಶ್ವರಿಯತ್ತ ನೋಡದೆ, “ಇನ್ನ ಮುಂದ ಚಿತ್ರ ಕೊಡಾಂಗಿಲ್ರಿ” ಎಂದ.

ಅವಳಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೇಳದೆ ಕೇಳದೆ ಅವನು ಬರೆದದ್ದನ್ನು ತಿದ್ದಿದ್ದಳು, ಅದನ್ನು ಅವನ ತಾಯಿಯ ಎದುರಿಗೇ ಆಡಿದ್ದಳು. ಇಷ್ಟು ದಿನ ಆ ಅಂಗಡಿಗೆ ಬರುತ್ತಿದ್ದುದು ಬರೀ ಚಿತ್ರಕ್ಕಲ್ಲ ಎಂದು ಅವಳೊಬ್ಬಳಿಗೇ ಗೊತ್ತಿತ್ತು. ಇನ್ನು ಯಾವ ನೆಪ ಹೇಳಿ ಬರುವುದು?

ಮರುದಿನ ಬೆಳಿಗ್ಗೆ ಎಂದಿನಂತೆ ಮನೆಯ ಮಾಳಿಗೆ ಹತ್ತಿ, ಅಪ್ಪ ಬಣ್ಣ ಹಾಕಿದ ಕೆಂಪು ನೂಲಿನ ಲಡಿಗಳನ್ನು ಒಣಹಾಕುತ್ತಿದ್ದಳು. ಸುಮ್ಮನೆ ಗುಡ್ಡದ ಕಡೆ ಕಣ್ಣು ಹೋಯಿತು. ಬಂಡೆಯ ಮೇಲೆ ನೀಲಿ ಅಂಗಿಯ ಕಳಕೇಶ, ತೊಡೆಯ ಮೇಲೆ ಹಲಗೆ. ನೋಡುತ್ತಿದ್ದುದು ಇವಳ ಮಾಳಿಗೆಯನ್ನೇ.

ಕೈಯಲ್ಲಿದ್ದ ಕೆಂಪು ಲಡಿಯನ್ನು ನೋಡಿಕೊಂಡಳು. ಅಯ್ಯೋ, ಆ ಕೆಂಪು ಈ ನೂಲು! ಅಂದರೆ ತಾನು! ತನ್ನನ್ನೇ ಡಾಗ ಎಂದು ಅಳಿಸಿ, ಅವನ ಮುಂದೆಯೇ ಮೆರೆದು ಬಂದಿದ್ದಳಲ್ಲ! ನಾಚಿಕೆಯಿಂದ ಲಡಿಗಳ ಹಿಂದೆ ಅಡಗಿದಳು. ಅಡಗಿದ್ದೂ ಅವನಿಗೆ ಕಂಡಿರುತ್ತದೆ ಎಂದು ಹೊಳೆದು ಇನ್ನಷ್ಟು ನಾಚಿಕೆಯಾಯಿತು.

ಸಂಜೆ ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಬಣ್ಣದ ಡಬ್ಬಿಗಳ ನಡುವೆ ಬಟ್ಟೆ ಇಟ್ಟು, ಅವಳು ನೆಲ ನೋಡುತ್ತ ನಿಂತಳು.

“ತಪ್ಪಾತ್ರಿ. ಬಿಳೇದ ಬಿಚ್ಚಿ ಕೆಂಪ ಹಾಕೀನಿ.”

“ತಪ್ಪು ನಂದರಿ. ನಿಮ್ಮನ್ನ ಕೇಳಲಾರದ ಬರದೆ. ನಿನ್ನೆ ಅವ್ವ ನಕ್ಕಾಗ ಎಲ್ಲಿ ಹೋಗಿ ಬೀಳಲಿ ಅನಸ್ತು.”

ಅವನು ಬಟ್ಟೆಯನ್ನು ಬೆಳಕಿಗೆ ಹಿಡಿದ. ಹುಬ್ಬೇರಿಸಿದ.

“ಅಂಚಿಗೆ ಈ ಗುಡ್ಡ, ಅದರ ಮ್ಯಾಲ ಇದೇನ್ರಿ ನೀಲಿ? ನಾ ಇದನ್ನ ಬರದಿಲ್ಲಲ್ಲ?”

“ನಾ ಹಾಕೀನಿ. ಎಣಿಸಲಾರದ, ಅಂದಾಜಿನ್ಯಾಗ.” ಅವಳ ದನಿ ಅವಳಿಗೇ ಕೇಳಲಿಲ್ಲ.

ಅವನು ಕೆಂಪು ಹೊಲಿಗೆಯಿಂದ ನೀಲಿಯ ತನಕ ಬೆರಳಾಡಿಸಿದ. “ಭಾಳ ದೂರ ಕುಂಡ್ರಿಸೀರಲ್ರಿ ನನ್ನ.”

ಭುವನೇಶ್ವರಿ ಆಗ ಕಣ್ಣೆತ್ತಿದಳು.

“ಕುಂತಾವ್ರು ನೀವು. ಇಳದ ಬರ್ರಿ. ನಾಳೆ ಅಪ್ಪ ಮನ್ಯಾಗ ಇರತಾನ.”