ಏರ್‌ಪೋರ್ಟ್ ಬಸ್ಸಿನ ಡ್ರೈವರಮ್ಮ

ಚಳಿಗಾಲ ಮುಗಿಯುತ್ತ ಬಂದಿತ್ತು. ಅಂದು ಗುರುವಾರ, ಇನ್ನೂ ಬೆಳಕು ಹರಿದಿರಲಿಲ್ಲ. ರಾಜಧಾನಿಯ ಏರ್‌ಪೋರ್ಟಿಗೆ ಹೋಗುವ ಮೊದಲ ಬಸ್ಸಿನ ಮೆಟ್ಟಿಲಲ್ಲಿ ದರ್ಜಿಯ ಅಕ್ಕ ಹಾವು ತುಳಿದವಳ ಹಾಗೆ ನಿಂತುಬಿಟ್ಟಳು. ತಮ್ಮನನ್ನು ತನ್ನ ಜೊತೆ ಕರೆದೊಯ್ದು ಯಾರಿಂದ ದೂರ ಮಾಡಬೇಕೆಂದು ಅವಳು ವಿದೇಶದಿಂದ ಬಂದಿದ್ದಳೋ, ಆ ಡ್ರೈವರಮ್ಮನೇ ಸ್ಟೇರಿಂಗ್ ಹಿಡಿದು ಕೂತಿದ್ದಳು.

"ಬೇರೆ ಬಸ್ಸಿಲ್ವಾ?"

"ಇದೆ, ಮಧ್ಯಾಹ್ನಕ್ಕೆ. ಅಷ್ಟೊತ್ತಿಗೆ ನಿಮ್ಮ ವಿಮಾನ ಸಮುದ್ರದ ಮೇಲಿರುತ್ತೆ. ಹತ್ತಿ ಅಕ್ಕ."

"ನಾನ್ಯಾವ ಸೀಮೆ ಅಕ್ಕ ನಿಂಗೆ?"

ಹಿಂದೆ ನಿಂತಿದ್ದ ದರ್ಜಿ ನಗು ನುಂಗಿಕೊಂಡ.

ಬಸ್ಸು ಹೆದ್ದಾರಿ ಹಿಡಿಯಿತು. ಕನ್ನಡಿಯಲ್ಲಿ ಅವನ ಕಣ್ಣು. ಡ್ರೈವರಮ್ಮ ನೋಡಿದರೆ ಅವನು ಕಿಟಕಿಯತ್ತ, ಅವನು ನೋಡಿದರೆ ಅವಳು ರಸ್ತೆಯತ್ತ. ಒಮ್ಮೆ ಇಬ್ಬರೂ ಸಿಕ್ಕಿಬಿದ್ದರು. ಅವನು ಮೆಲ್ಲಗೆ ತನ್ನ ತೋಳು ಮುಟ್ಟಿ ತೋರಿಸಿದ. ಸ್ಟೇರಿಂಗ್ ತಿರುಗಿಸುವಾಗ ಬಿಗಿಯಬಾರದೆಂದು ಅವನೇ ಸಡಿಲವಾಗಿ ಹೊಲಿದುಕೊಟ್ಟ ಅವಳ ಯೂನಿಫಾರಂ ತೋಳಿನ ಹೊಲಿಗೆ ಬಿಚ್ಚಿತ್ತು. ಬಿಟ್ಟುಹೋಗೋನಿಗ್ಯಾಕೆ ಆ ಚಿಂತೆ ಎಂದು ಅವಳ ಹುಬ್ಬು ಕೇಳಿತು.

"ರಸ್ತೆ ಮುಂದಿದೆ ತಾಯಿ," ಅಕ್ಕ ಚುಚ್ಚಿದಳು.

"ಲಗೇಜ್ ಅಲ್ಲಾಡ್ತಿದ್ಯಾ ಅಂತ ನೋಡ್ದೆ."

ರಾಜಧಾನಿಯ ಅಂಚಿನಲ್ಲಿ ಲಾರಿಯೊಂದು ಮಗುಚಿ ದಾರಿ ಕಟ್ಟಿಹೋಗಿತ್ತು. ಅಕ್ಕ ಸೀಟಿನಿಂದ ಎದ್ದು ನಿಂತಳು.

"ಬೇಕೂಂತ್ಲೇ ತಂದು ನಿಲ್ಸಿದೀಯ! ಬಸ್ ಓಡಿಸೋಳು ಸಂಸಾರ ಓಡಿಸ್ತಾಳಾ?"

ಸುಮ್ಮನೆ ಕೂತರೆ ಸಾಕು, ವಿಮಾನ ತಾನಾಗಿ ತಪ್ಪುತ್ತದೆ. ಡ್ರೈವರಮ್ಮನ ಕೈ ಗೇರಿನ ಮೇಲೆ ಒಂದು ಗಳಿಗೆ ತಡೆಯಿತು. ಆಮೇಲೆ ಬಸ್ಸನ್ನು ಪಕ್ಕದ ಮಣ್ಣುರಸ್ತೆಗೆ ಇಳಿಸಿದಳು.

"ನನ್ನ ಬಸ್ ಹತ್ತಿದೋರಿಗೆ ವಿಮಾನ ತಪ್ಪಲ್ಲ. ಉಳಿಯೋನು ತನ್ನ ಕಾಲ ಮೇಲೆ ಉಳೀಲಿ, ನನ್ನ ಬ್ರೇಕ್ ಮೇಲಲ್ಲ."

ಕುಲುಕಾಟಕ್ಕೆ ಅಕ್ಕ ಮುಂದಿನ ಸೀಟಿನ ಕಂಬಿ ಹಿಡಿದಳು.

ಏರ್‌ಪೋರ್ಟಿನ ಗಾಜಿನ ಬಾಗಿಲ ಮುಂದೆ ಹೊತ್ತಿಗೆ ಮುಂಚೆಯೇ ಬಸ್ಸು ನಿಂತಿತು. ಡ್ರೈವರಮ್ಮ ಇಳಿಯಲಿಲ್ಲ, ಬೇಡಲಿಲ್ಲ, ಕನ್ನಡಿಯನ್ನೂ ನೋಡಲಿಲ್ಲ. ದರ್ಜಿ ಅಕ್ಕನ ಪೆಟ್ಟಿಗೆಗಳನ್ನೆಲ್ಲ ತಳ್ಳುಗಾಡಿಗೆ ಏರಿಸಿದ. ಅವನ ಚೀಲ ಹೆಗಲಲ್ಲೇ ಇತ್ತು.

"ನಡಿಯೋ."

"ನಾನ್ ಬರಲ್ಲ ಅಕ್ಕ. ತಾಯಿ ಹಾಗೆ ಸಾಕಿದೀಯ, ಬೈಯಿ, ಹೊಡಿ. ಮದುವೆ ಅಂತಾದ್ರೆ ಇವಳನ್ನೇ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಇದನ್ನ ಆ ಜಾಮಲ್ಲೇ ಹೇಳೋಕೇನಾಗಿತ್ತು?" ಅಕ್ಕ ರೇಗಿದಳು.

"ಆಗ ಹೇಳಿದ್ರೆ, ಬಸ್ ಲೇಟಾಯ್ತು, ಅದಕ್ಕೇ ಉಳಿದ ಅಂತಿದ್ದೆ ನೀನು."

ಅಕ್ಕ ಗಾಡಿ ತಳ್ಳಿಕೊಂಡು ನಡೆದಳು. ಅವನು ಬಸ್ಸು ಹತ್ತಿದ.

"ಎಲ್ಲಿಗೆ ಟಿಕೆಟ್?" ಡ್ರೈವರಮ್ಮ ಆಗ ಕನ್ನಡಿ ನೋಡಿದಳು.

"ನಿಮ್ಮನೆಗೆ. ನಿಮ್ಮಪ್ಪನ ಹತ್ರ ಹೆಣ್ಣು ಕೇಳೋಕೆ."

ಗಾಜಿನಾಚೆ ಅಕ್ಕ ತಿರುಗಿ ಕೈ ಎತ್ತಿದಳು. ಶಪಿಸಲೋ ಹರಸಲೋ ಇಬ್ಬರಿಗೂ ತಿಳಿಯಲಿಲ್ಲ. ಹೊರಟುಹೋದವಳು ಅವಳೊಬ್ಬಳೇ, ಆ ಗುರುವಾರ.